ಸಂಜೆ ಬಂದ ನೀರು

ಆ ದಿನ ನೀರು ಬರಲಿಲ್ಲ.

ನಲ್ಲಿಯ ನೀರಿನ ಮಾತಲ್ಲ. ಮಾರಕೈಬೋ ನಗರದಲ್ಲಿ ನಲ್ಲಿಯನ್ನು ನಂಬಿ ಯಾರೂ ಕೂರುವುದಿಲ್ಲ. ಅಬಿಲಿಯೊ ಹುಡುಕುತ್ತಿದ್ದದ್ದು ಕಂಪ್ಯೂಟರ್ ಪರದೆಯ ಮೇಲೆ ದಿನವೂ ಬರುವ ಒಂದು ಕೊಡ ನೀರನ್ನು. ಅವನ ಆಟದ ತೋಟದ ಬೇಲಿ ಪಕ್ಕದಲ್ಲಿ ಅದು ತುಂಬಿ ಕೂತಿರುತ್ತಿತ್ತು, ಮೇಲೆ ‘ಯೋರ್ಮನ್ ಕಳಿಸಿದ್ದು’ ಎಂಬ ಚೀಟಿಯೊಂದಿಗೆ. ಇವತ್ತು ಬೇಲಿ ಬರಿದಾಗಿತ್ತು. ಟೊಮೇಟೊ ಗಿಡಗಳು ತಲೆ ಬಾಗಿಸಿದ್ದವು.

‘ಕರೆಂಟ್ ಹೋಗಿ ಈಗಷ್ಟೇ ಬಂದಿದೆ ದೋನ್ ಅಬಿಲಿಯೊ. ಕಾಯಿರಿ, ಬರುತ್ತೆ’ ಎಂದಳು ಇಂಟರ್ನೆಟ್ ಅಂಗಡಿಯ ಮಾರ್ಲೆನಿ. ಆದರೆ ಅವಳು ಅವನ ಮುಖ ನೋಡಲಿಲ್ಲ.

ಆಟ ಫೋನಿನದು, ಮಕ್ಕಳದು. ಅಬಿಲಿಯೊ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದಕ್ಕೇ ಮಗ ಯೋರ್ಮನ್ ಅವನನ್ನು ಇಲ್ಲಿಗೆ ಕರೆತಂದು, ಕಂಪ್ಯೂಟರಿಗೆ ತಾನೇ ಫೋನು ಎಂದು ನಂಬಿಸುವ ಎಮ್ಯುಲೇಟರ್ ತೆರೆದು, ಕಿಟಕಿ ಪಕ್ಕದ ಯಂತ್ರದಲ್ಲಿ ಅಪ್ಪನಿಗೊಂದು ತೋಟ ಹಾಕಿಕೊಟ್ಟಿದ್ದ. ‘ಪಾಪ, ಎಷ್ಟು ಸುಲಭವಾಗಿ ನಂಬಿಬಿಡುತ್ತೆ ನೋಡಪ್ಪ’ ಎಂದು ನಕ್ಕಿದ್ದ. ಆಮೇಲೆ ನಗು ಬಿಟ್ಟು ಹೇಳಿದ್ದ: ‘ದಾರೀಲಿ ಫೋನ್ ಮಾಡೋಕೆ ಆಗುತ್ತೋ ಇಲ್ವೋ. ದಿನಾ ಒಂದು ಕೊಡ ನೀರು ಕಳಿಸ್ತೀನಿ. ನೀರು ಬಂತು ಅಂದ್ರೆ ನಾನು ಚೆನ್ನಾಗಿದೀನಿ ಅಂತ ತಿಳ್ಕೊ.’

ಮಾರನೆಯ ದಿನ ಅವನು ಚಿಲಿ ದೇಶದ ಕಡೆಗೆ ಹೊರಟ. ಮರುಭೂಮಿಯ ಅಂಚಿನ ಊರೊಂದರಿಂದ ಒಮ್ಮೆ ಫೋನು ಮಾಡಿದ. ಆಮೇಲೆ ಅವನ ದನಿ ಕೇಳಿಸಲಿಲ್ಲ. ತಿಂಗಳುಗಳು ಉರುಳಿದವು. ನೆರೆಯವರು ಅವನ ಹೆಸರು ಹೇಳುವಾಗ ದನಿ ತಗ್ಗಿಸತೊಡಗಿದರು. ಅಬಿಲಿಯೊ ಮಾತ್ರ ಕುಗ್ಗಲಿಲ್ಲ. ನೀರು ಬರುತ್ತಿತ್ತಲ್ಲ.

ಹೆಂಡತಿ ನಿನೋಸ್ಕಾಗೆ ಈ ಆಟವೆಂದರೆ ತಾತ್ಸಾರ. ‘ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗಿನ್ನೂ ಐವತ್ತೆಂಟು. ಸ್ವಲ್ಪ ಅವಸರ ಮಾಡ್ದೆ ಮುದುಕಾ’ ಎಂದು ಕುಟುಕುತ್ತಿದ್ದಳು. ಆದರೂ ಅವನು ಮನೆಗೆ ಕಾಲಿಟ್ಟ ಕೂಡಲೇ ಕೇಳುತ್ತಿದ್ದಳು: ‘ನೀರು ಬಂತಾ?’ ಬಂತು ಎಂದರೆ ಒಲೆಯ ಕಡೆ ತಿರುಗುತ್ತಿದ್ದಳು. ಬೆಳಗೆಲ್ಲ ಅವಳದು ಕ್ಯಾನು ಹಿಡಿದು ನೀರಿನ ಸಾಲಿನಲ್ಲಿ ನಿಲ್ಲುವ ಬದುಕು. ಇವತ್ತು ಆ ಸಾಲಿನಿಂದ ಸಿಡಿಮಿಡಿಗುಟ್ಟುತ್ತ ಬಂದವಳು ಮನೆಯೆಲ್ಲ ತಡಕಾಡಿದ್ದಳು. ‘ನನ್ನ ಬೀಸಣಿಗೆ ಎಲ್ಲಿ ಬಿಟ್ನೋ. ಈ ಸೆಕೆಯಲ್ಲಿ ಅದೂ ಇಲ್ಲ ಅಂದ್ರೆ ಸತ್ತೇ ಹೋಗ್ತೀನಿ.’

ಅಂಗಡಿಯಲ್ಲಿ ಟಪ್ ಎಂದಿತು. ಕರೆಂಟ್ ಒಮ್ಮೆಗೇ ಏರಿತ್ತು. ಕಿಟಕಿ ಪಕ್ಕದ ಯಂತ್ರದಿಂದ ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

ಅಬಿಲಿಯೊ ಎದ್ದು ಮೂಲೆಯ ಯಂತ್ರದತ್ತ ನಡೆದ.

‘ಅದು ಬೇಡ. ಅದು ಕೆಟ್ಟಿದೆ’ ಎಂದಳು ಮಾರ್ಲೆನಿ.

‘ದೀಪ ಉರೀತಿದೆಯಲ್ಲ ತಾಯಿ.’

‘ನಾಳೆ ಬನ್ನಿ ದೋನ್ ಅಬಿಲಿಯೊ. ಕೈ ಮುಗೀತೀನಿ.’

ಯಾರ ಮಾತನ್ನೂ ಮೀರುವ ಮನುಷ್ಯನಲ್ಲ ಅವನು. ಆದರೆ ನಾಳೆಯವರೆಗೆ ಉಸಿರು ಹಿಡಿದುಕೊಂಡು ಇರುವುದು ಹೇಗೆ? ಕೂತು ಎಮ್ಯುಲೇಟರ್ ತೆರೆದ. ಆ ಯಂತ್ರ ಕೊನೆಗೆ ಆಡಿದವರ ತೋಟವನ್ನು ನೆನಪಿಟ್ಟುಕೊಂಡಿತ್ತು, ಅದನ್ನೇ ತೆರೆದಿಟ್ಟಿತು. ಮಾವಿನ ಮರ. ಬೇಸ್‌ಬಾಲ್ ಟೋಪಿ ಹಾಕಿದ ಬೆದರುಗೊಂಬೆ. ಮೇಲೆ ಹೆಸರು: ಯೋರ್ಮನ್.

‘ಬಂದಿದಾನೆ’ ಎಂದ ಅಬಿಲಿಯೊ. ‘ಮಾರ್ಲೆನಿ, ನನ್ನ ಮಗ ಊರಿಗೆ ಬಂದಿದಾನೆ. ಇಲ್ಲೇ ಕೂತಿದ್ದ, ಅಲ್ವಾ?’

ಮಾರ್ಲೆನಿ ನೆಲ ನೋಡುತ್ತ ಹೇಳಿದಳು: ‘ಹೊರಡೋ ಮುಂಚೆ ಅವನು ಆಡ್ತಿದ್ದದ್ದು ಇದರಲ್ಲೇ. ತೋಟ ಹಾಗೇ ಉಳ್ಕೊಂಡಿದೆ. ನಿಮಗೆ ನೀರು ಬರ್ತಿದ್ದದ್ದೂ ಇದರಿಂದಲೇ.’

‘ಹಾಗಾದ್ರೆ ಇಷ್ಟು ದಿನ ನೀರು ಕಳಿಸಿದ್ದು ಯಾರು?’

ಕೇಳುತ್ತ ಅವನು ಅವಳತ್ತ ತಿರುಗಿದ. ಕುರ್ಚಿಯ ಬೆನ್ನಿಗೆ ಗರಿಯ ಬೀಸಣಿಗೆಯೊಂದು ನೇತಾಡುತ್ತಿತ್ತು. ಅದರ ಅಂಚಿಗೆ ಹೊಲಿದಿದ್ದ ಕೆಂಪು ಬಟ್ಟೆ ಅವನದೇ ಹಳೆಯ ಅಂಗಿಯದು.

‘ಇವತ್ತು ಕಳಿಸೋ ಮೊದಲೇ ಕರೆಂಟ್ ಹೋಯ್ತು’ ಎಂದಳು ಮಾರ್ಲೆನಿ ಮೆಲ್ಲಗೆ. ‘ತುಂಬಾ ಹೊತ್ತು ಕಾದ್ರು.’

ಅಬಿಲಿಯೊಗೆ ಸಿಟ್ಟು ಬರಲಿಲ್ಲ. ಮಗನ ಸುದ್ದಿ ಎಂದು ತಾನು ಹಿಡಿದುಕೊಂಡಿದ್ದ ಒಂದೊಂದು ಕೊಡವೂ ನಿನೋಸ್ಕಾ ಹೊತ್ತದ್ದು. ಮಗನಿಲ್ಲ ಎಂಬ ಭಾರವನ್ನು ಒಬ್ಬಳೇ ನುಂಗಿಕೊಂಡು, ಮೇಲಿಂದ ಅವನನ್ನು ಗೇಲಿ ಮಾಡುತ್ತ, ದಿನವೂ ಬಂದು ಕೂತಿದ್ದಳು. ಬೇಕೆಂದೇ ನಂಬಿಸಿದ್ದಳು, ಅವನೂ ಈ ಯಂತ್ರದಂತೆ ನಂಬಿದ್ದ. ತನಗೆ ಗೊತ್ತಾಯಿತೆಂದು ತಿಳಿದರೆ ಅವಳಿಗೆ ಉಳಿದಿದ್ದ ಆ ಒಂದು ಕೆಲಸವೂ ಹೋಗುತ್ತದೆ.

ಪರದೆಯಲ್ಲಿ ‘ಅಪ್ಪ’ ಎಂಬ ಹೆಸರಿನ ಪಕ್ಕ ತುಂಬಿದ ಕೊಡ ಇನ್ನೂ ಕಾಯುತ್ತಿತ್ತು. ಅಬಿಲಿಯೊ ‘ಕಳಿಸು’ ಒತ್ತಿದ. ಬೀಸಣಿಗೆಯನ್ನು ಮುಟ್ಟದೆ ಎದ್ದು ಬಂದ.

ಮನೆಯಲ್ಲಿ ನಿನೋಸ್ಕಾ ಅರೆಪಾ ರೊಟ್ಟಿಗೆ ಜೋಳದ ಹಿಟ್ಟು ನಾದುತ್ತಿದ್ದಳು. ಇವತ್ತು ಅವಳು ಏನೂ ಕೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಆ ಬೆನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

‘ನೀರು ಬಂತು ಕಣೆ’ ಎಂದ. ‘ಸ್ವಲ್ಪ ತಡ ಆಯ್ತು. ಈಗ ಸಂಜೆ ಬಂತು.’

ಅವಳ ಕೈ ಹಿಟ್ಟಿನಲ್ಲೇ ನಿಂತಿತು.

‘ಇವತ್ತಾ?’

‘ಇವತ್ತೇ. ಚೀಟಿ ಮೇಲೆ ಯೋರ್ಮನ್ ಅಂತಾನೇ ಇತ್ತು. ಕಣ್ಣಾರೆ ನೋಡ್ದೆ.’

ನಿನೋಸ್ಕಾ ತಿರುಗಿದಳು. ತಿಂಗಳುಗಳಿಂದ ಆರಿ ಹೋಗಿದ್ದ ಮುಖದಲ್ಲಿ ಬೆಳಕು ಮೂಡುತ್ತಿತ್ತು. ಹಿಟ್ಟು ಮೆತ್ತಿದ ಎರಡೂ ಕೈಗಳಲ್ಲಿ ಅವನ ಕೆನ್ನೆ ಹಿಡಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ.

‘ಇವತ್ತು ನಾನು ಕಳಿಸಿರಲಿಲ್ಲ ಮುದುಕಾ’ ಎಂದಳು. ‘ನಮ್ಮ ಹುಡುಗ ಬದುಕಿದಾನೆ.’