ಹೆಳವನ ಪುಸ್ತಕದಲ್ಲಿ ನನ್ನ ಹೆಸರು

ವಿಭೂತಿಯ ವಾಸನೆ ಬಂದರೆ ಈಗಲೂ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ನಮ್ಮೂರು ಮದರಾಸು ಬಿಟ್ಟು ಆಂಧ್ರಕ್ಕೆ ಸೇರಿದ ವರ್ಷ ಅದು, ನನಗೆ ಏಳು. ಮನೆತನಗಳ ವಂಶಾವಳಿ ಬರೆದಿಡುವ ಹೆಳವ ಎತ್ತಿನ ಮೇಲೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ಬೆವರಿಗೆ ಕಪ್ಪಾದ ಪುಸ್ತಕ ಬಿಚ್ಚಿ, ಹಿರಿಯರ ಹೆಸರುಗಳನ್ನು ಓದುತ್ತ ಅಪ್ಪನವರೆಗೆ ಬಂದ. ಅಪ್ಪನ ಕೆಳಗೆ ನನ್ನ ಹೆಸರು ಓದಿದ.

"ಈ ಕೂಸು ಮಣ್ಣಾಗೈತಿ."

"ಅದು ಇಕಿ ಅಕ್ಕ. ಆಕಿ ಹೆಸರ ಇಕಿಗಿಟ್ಟೀವಿ," ಎಂದಳು ಅಜ್ಜಿ.

"ಹಂಗಾದ್ರ ಇಕೀನ್ನೂ ಬರಕೊಳ್ಳಲೇನವ್ವಾ?"

"ಬ್ಯಾಡಪ್ಪಾ. ಈ ಹೆಸರು ಸತ್ತೈತಂತನ ಇರಲಿ. ಜವರಾಯ ಇನ್ನೊಮ್ಮೆ ಹುಡುಕ್ಕೊಂಡು ಬರೂದು ಬ್ಯಾಡ."

ಸಂಜೆ ಅಜ್ಜಿ ನನ್ನನ್ನು ಹೊಲಕ್ಕೆ ಕರೆದೊಯ್ದಳು. ಬದುವಿನ ಪಕ್ಕದ ಸಣ್ಣ ಸಮಾಧಿಗಲ್ಲಿಗೆ ವಿಭೂತಿ ಬಳಿದು, ಹೆಸರು ಹಿಡಿದು ಕೂಗಿದಳು. ನಾನು "ಓ" ಎನ್ನಲು ಬಾಯಿ ತೆರೆದೆ.

ವಿಭೂತಿಯ ಕೈಯಿಂದಲೇ ನನ್ನ ಬಾಯಿ ಒತ್ತಿ ಹಿಡಿದಳು.

"ನಿನ್ನ ಕರೀಲಿಲ್ಲ."