ಮಧ್ಯಂತರ ಬೇಡವೆಂದ ನಾಟಕಕಾರ

"ಮಧ್ಯಂತರ ಇಲ್ಲ ಅಂದ್ರೆ ಇಲ್ಲ," ಎಂದು ಡೆಸ್ಮಂಡ್ ಪಾರ್ಜಿಟರ್ ಮೇಜು ಕುಟ್ಟಿದ.

ರಂಗಮಂದಿರದ ಒಡತಿ ವಿನಿಫ್ರೆಡ್ ಆಕ್ಲಿ ಹೌಹಾರಿದಳು. ಲಂಡನ್ನಿನಲ್ಲಿ ರಂಗಭೂಮಿ ಬದುಕಿರುವುದು ನಾಟಕಕಾರರಿಂದಲ್ಲ, ಮಧ್ಯಂತರದಲ್ಲಿ ಮಾರುವ ಐಸ್‌ಕ್ರೀಮು, ವೈನಿನಿಂದ ಎಂಬುದು ಅವಳ ನಂಬಿಕೆ. ಸುಳ್ಳೇನೂ ಅಲ್ಲ ಬಿಡಿ.

"ಜನ ಎರಡು ಗಂಟೆ ಉಸಿರು ಬಿಗಿಹಿಡಿದು ಕೂತಿರ್ತಾರೆ ಅನ್ಕೊಂಡ್ರಾ? ಬಿಗಿಹಿಡಿಯೋದು ಉಸಿರನ್ನಲ್ಲ."

ಡೆಸ್ಮಂಡ್ ಕಲೆಯ ಅಖಂಡತೆಯ ಮೇಲೆ ಭಾಷಣ ಬಿಗಿದು ಗೆದ್ದ. ಅಸಲಿ ಕಾರಣ ಬೇರೆ: ಲೈಲ್ ಬ್ರಾಂಟ್, ಅಮೆರಿಕದ ಸಿನಿಮಾ ನಿರ್ಮಾಪಕ.

ಟಿವಿಯ ಪತ್ತೇದಾರಿ ಧಾರಾವಾಹಿಗೆ ವಾರಕ್ಕೊಂದು ಹೆಣ ಒದಗಿಸಿ ಹೊಟ್ಟೆ ಹೊರೆಯುತ್ತಿದ್ದ ಡೆಸ್ಮಂಡನಿಗೆ ಪಾರಾಗಲು ಇದ್ದ ದಾರಿ ಅವನೊಬ್ಬನೇ. ಹಿಂದಿನ ಮೂರು ನಾಟಕಗಳಿಗೂ ಬ್ರಾಂಟ್ ಬಂದಿದ್ದ. ಮೂರು ಸಲವೂ ಮಧ್ಯಂತರದ ನಂತರ ಅವನ ಕುರ್ಚಿ ಖಾಲಿ. ಮರುದಿನ ಮಾತ್ರ ಪುಣ್ಯಾತ್ಮ ತಪ್ಪದೆ ಫೋನು ಮಾಡಿ ಹೊಗಳುತ್ತಿದ್ದ. "ಆ ಹೆಂಗಸು ಬಾಗಿಲ ಚಿಲಕ ಹಿಡ್ಕೊಂಡು ಹಾಗೇ ನಿಂತುಬಿಟ್ಟಳಲ್ಲ, ರಾತ್ರಿಯೆಲ್ಲ ನಿದ್ದೆ ಇಲ್ಲ ಕಣ್ರೀ. ಮುಂದಿನದನ್ನ ನೋಡಿ ಒಪ್ಪಂದ ಮಾಡ್ಕೊಂಡುಬಿಡೋಣ."

ಸಿನಿಮಾದವರಿಗೆ ನೂರೆಂಟು ಕೆಲಸ, ಪಾಪ. ಅರ್ಧ ಉಂಡವನೇ ಇಷ್ಟು ಹೊಗಳಿದರೆ, ಪೂರ್ತಿ ಬಡಿಸಿದರೆ?

ಮೊದಲ ಪ್ರದರ್ಶನದಂದು ಡೆಸ್ಮಂಡ್ ಬ್ರಾಂಟನನ್ನು ಸಾಲಿನ ನಟ್ಟನಡುವೆ, ಅತ್ತ ಇತ್ತ ದಪ್ಪ ಅಜ್ಜಿಯರ ಮಧ್ಯೆ ಕೂರಿಸಿದ. ಎದ್ದು ಹೋಗಲು ಸಂದಿಲ್ಲ.

ನಾಟಕ ಶುರುವಾಗಿ ಒಂದು ಗಂಟೆಯಾದಾಗ ನಾಯಕ ಪೆಟ್ಟಿಗೆ ಹಿಡಿದು ಬಾಗಿಲ ಬಳಿ ನಿಂತ. ಬ್ರಾಂಟನ ಕಣ್ಣು ಒದ್ದೆಯಾಯಿತು. ಎದ್ದು ಚಪ್ಪಾಳೆಯನ್ನೂ ತಟ್ಟಿಬಿಟ್ಟ. ಅಜ್ಜಿಯೊಬ್ಬಳು ಕೋಟು ಹಿಡಿದೆಳೆದು ಕೂರಿಸಿದಳು. ಹಿಂದೆ ನಿಂತಿದ್ದ ಡೆಸ್ಮಂಡನಿಗೆ ಸ್ವರ್ಗ ಮೂರೇ ಗೇಣು.

ರಂಗದ ಮೇಲೆ ಬಾಗಿಲು ತೆರೆಯಿತು. ನಾಯಕನ ಅತ್ತೆ ಬಂದಳು, ವಕೀಲ ಬಂದ, ಪಾದ್ರಿಯೂ ಬಂದ. ಇನ್ನೊಂದು ಗಂಟೆ ಎಲ್ಲರೂ ಎಲ್ಲವನ್ನೂ ವಿವರಿಸಿದರು.

ಪರದೆ ಬಿದ್ದದ್ದೇ ತಡ, ಇಡೀ ಸಭಾಂಗಣ ಒಮ್ಮೆಗೇ ಎದ್ದು ನಿಂತಿತು. ಡೆಸ್ಮಂಡ್ ತಲೆಬಾಗಿ ವಂದಿಸಿದ. ಎದ್ದವರೆಲ್ಲ ಶೌಚಾಲಯದತ್ತ ಓಡಿದ್ದನ್ನು ಅವನು ಆಮೇಲೆ ಕಂಡ.

ಬ್ರಾಂಟ್ ಬಂದು, ಸಾವಿನ ಮನೆಗೆ ಬಂದವನಂತೆ ಅವನ ಕೈ ಹಿಡಿದುಕೊಂಡ.

"ಹಿಂದಿನ ಮೂರೂ ಎಷ್ಟು ಚೆನ್ನಾಗಿ ಬಾಗಿಲ ಹತ್ರಾನೇ ಮುಗಿದಿದ್ವು. ದೀಪ ಹತ್ತಿದ ತಕ್ಷಣ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಿದ್ದೆ. ಈ ಸಲ ಯಾಕ್ರೀ ಹೀಗೆ ಬೆಳೆಸಿಬಿಟ್ರಿ?"