ನಿನ್ನೆಯ ಕೇಕು

ಮೂರು ಅಂಗಡಿ ಅಲೆದು ಕೊಬ್ಬರಿ ಪುಡಿ ಹಿಡಿದುಕೊಂಡು ಓಡೋಡಿ ಬಂದ ಸೊಸೆ ಅಡುಗೆಮನೆಯ ಬಾಗಿಲಲ್ಲೇ ಬೆಪ್ಪಾಗಿ ನಿಂತಳು. ನಿನ್ನೆ ಬೇಯಿಸಿ, ತುಂಡು ಮಾಡಿ, ಬಟ್ಟೆ ಮುಚ್ಚಿಟ್ಟಿದ್ದ ಕೇಕು ಮಾಯ. ತಟ್ಟೆ ತೊಳೆದು ಬೋರಲು ಹಾಕಿತ್ತು.

ಪಕ್ಕದ ಮನೆಗೆ ಕೊಟ್ಟೆ ಎಂದರು ಅತ್ತೆ, ದೊಡ್ಡ ಉಪಕಾರ ಮಾಡಿದವರ ಹಾಗೆ. ಕಾಫಿ ಅಂಗಡಿಯ ಯಜಮಾನರು ರುಚಿ ನೋಡಲು ಮನೆಗೇ ಬರುವ ದಿನ ಅವರ ಮುಂದೆ ತಂಗಳು ಇಡುವುದೇ? ಹೊಸ ಕೇಕು ಓವನ್ನಿನಿಂದ ಆಗಲೇ ಇಳಿದಿದೆ, ಘಮ ಬರುತ್ತಿಲ್ಲವೇ ಎಂದು ಬೇರೆ ಕೇಳಿದರು.

ಘಮವೇನೋ ಬರುತ್ತಿತ್ತು. ಯಜಮಾನರು ಒಪ್ಪಿದರೆ ಅವರ ಗಾಜಿನ ಕಪಾಟಿನಲ್ಲಿ ಸೊಸೆಯ ಕೇಕು. ಇಲ್ಲದಿದ್ದರೆ ಮತ್ತದೇ ಬಟ್ಟೆ ಕಾರ್ಖಾನೆ, ಗುಂಡಿ ಹೊಲಿಯುವ ಕೆಲಸ. ಅವಳು ಬಿಸಿ ಕೇಕಿನ ತುಂಡೊಂದನ್ನು ಬಟ್ಟಲಿನ ಚಾಕೊಲೇಟ್ ಪಾಕಕ್ಕೆ ಅದ್ದಿದಳು. ಅದ್ದಿದ್ದೇ ತಡ, ಗಂಜಿಯಾಯಿತು.

"ಒಂದು ದಿನ ಒಣಗಿದ್ರೇನೇ ಇದು ಪಾಕದಲ್ಲಿ ನಿಲ್ಲೋದು ಅತ್ತೆ. ಅದಕ್ಕೇ ನಿನ್ನೆ ಮಾಡಿಟ್ಟಿದ್ದೆ."

ಅತ್ತೆ ಚಮಚದಲ್ಲಿ ತುಂಡಿಗಾಗಿ ತಡಕಾಡಿದರು, ಸಿಗಲಿಲ್ಲ. ಮೊದಲೇ ಹೇಳಬಾರದಿತ್ತಾ ಎಂದರು, ದನಿ ಇಳಿದಿತ್ತು. ಹೇಳಿದರೆ ಕೇಳುವ ಪೈಕಿಯೇ ನೀವು ಎಂಬ ಮಾತು ಸೊಸೆಯ ಗಂಟಲವರೆಗೆ ಬಂದು ಅಲ್ಲೇ ಕೂತಿತು. ಕೊಟ್ಟಿದ್ದನ್ನು ವಾಪಸ್ ಕೇಳುವುದಕ್ಕೂ ಮುಖವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವಳಿಗೆ ಅಳುವೇ ಬಂತು.

ಅಷ್ಟರಲ್ಲಿ ಯಾರೋ ಬಾಗಿಲು ದಡದಡ ಬಡಿದರು. ಯಜಮಾನರಲ್ಲ, ಪಕ್ಕದ ಮನೆಯ ಟೀಚರಮ್ಮ. ಮುಖ ಗಂಟಿಕ್ಕಿಕೊಂಡು ಡಬ್ಬಿ ಮುಂದೆ ಚಾಚಿದರು. "ಒಣಗಿ ಹೋಗಿರೋದನ್ನ ಕೊಡೋಕೆ ನಾವೇ ಸಿಕ್ಕಿದ್ವಾ ನಿಮಗೆ? ಒಂದು ತುಂಡೂ ಮುಟ್ಟಿಲ್ಲ. ನೀವೇ ತಿನ್ನಿ." ಸೊಸೆ ಅವರನ್ನು ಬಾಚಿ ತಬ್ಬಿಕೊಂಡಳು. ಜಗಳಕ್ಕೆಂದೇ ಸಜ್ಜಾಗಿ ಬಂದಿದ್ದ ಟೀಚರಮ್ಮ ಕಕ್ಕಾಬಿಕ್ಕಿಯಾದರು.

ಆಮೇಲೆ ನೋಡಬೇಕಿತ್ತು ಆ ಅಡುಗೆಮನೆಯನ್ನು. ಸೊಸೆ ಪಾಕಕ್ಕೆ ಅದ್ದುವುದು, ಅತ್ತೆ ಕೊಬ್ಬರಿಯಲ್ಲಿ ಹೊರಳಿಸುವುದು, ಯಾಕೆ ಏನು ಎಂದು ತಿಳಿಯದಿದ್ದರೂ ಟೀಚರಮ್ಮ ತಟ್ಟೆಯಲ್ಲಿ ಜೋಡಿಸುವುದು. ಮೂವರ ಮೊಣಕೈವರೆಗೂ ಚಾಕೊಲೇಟ್, ನೆಲದ ತುಂಬ ಕೊಬ್ಬರಿ. ಕೊನೆಯ ತುಂಡು ತಟ್ಟೆ ಸೇರುವುದಕ್ಕೂ ಯಜಮಾನರು ಬರುವುದಕ್ಕೂ ಸರಿಹೋಯಿತು.

ಅವರು ಒಂದು ತಿಂದರು. ಇನ್ನೊಂದಕ್ಕೆ ಕೈ ಹಾಕಿದರು. ಮೂರನೆಯದನ್ನು ಮುಗಿಸಿ, ಕಪಾಟಿನ ಮೇಲಿನ ಸಾಲನ್ನು ಇವತ್ತೇ ಖಾಲಿ ಮಾಡಿಸುತ್ತೇನೆ ಎಂದರು. ಸೊಸೆಗೆ ನಿಂತಲ್ಲೇ ಕುಣಿಯಬೇಕೆನಿಸಿತು.

"ಎಷ್ಟು ಮೆತ್ತಗಿದೆ. ಈಗ ತಾನೇ ಬೇಯಿಸಿದ್ದಾ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕೈಗೆ ಮೆತ್ತಿದ ಕೊಬ್ಬರಿ ಕೊಡವಿಕೊಂಡರು. ಮೂಲೆಯಲ್ಲಿ ಕೂತು ಬಿಸಿ ಕೇಕು ತಿನ್ನುತ್ತಿದ್ದ ಟೀಚರಮ್ಮನ ಕಡೆ ಒಮ್ಮೆ ನೋಡಿದರು.

"ಛೆ, ಛೆ. ಬಿಸೀದು ಅಕ್ಕಪಕ್ಕದವರಿಗೆ. ಮನೆಗೆ ಬಂದವರ ಮುಂದೆ ನಾವು ಯಾವತ್ತೂ ನಿನ್ನೇದೇ ಇಡೋದು."